ಎರಡನೆಯ ರೊಟ್ಟಿ

ಬೆಂಗಳೂರಿನ ‘ಟೇಸ್ಟಿಂಗ್ ಮೆನು’ ರೆಸ್ಟೋರೆಂಟುಗಳನ್ನು ಸಿರಿವಂತರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಅಲ್ಲಿ ನಾವು ಏನನ್ನೂ ಆರ್ಡರ್ ಮಾಡುವಂತಿಲ್ಲ. ಬಾಣಸಿಗರು ಗೊತ್ತುಮಾಡಿದ ಎಂಟೋ ಹತ್ತೋ ತಿನಿಸುಗಳು ಅವರದೇ ಕ್ರಮದಲ್ಲಿ, ತುತ್ತಿನ ಅಳತೆಯಲ್ಲಿ ಬರುತ್ತವೆ. ಪ್ರತಿ ತಟ್ಟೆಯ ಜೊತೆಗೊಂದು ಕಥೆ. ಆರಂಭ, ಏರಿಳಿತ, ಮುಕ್ತಾಯ ಎಲ್ಲವೂ ಇರುವ ಇದನ್ನು ಒಂದು ಕೃತಿಯಂತೆಯೇ ಓದಬೇಕು.

ಊಟವನ್ನು ಕೃತಿಯಾಗಿಸುವುದು ನಮಗೆ ಹೊಸದಲ್ಲ. 1025ರ ಸುಮಾರಿನ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯ ಅಡುಗೆಗೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಮುಮ್ಮಡಿ ಮಂಗರಸನ ‘ಸೂಪಶಾಸ್ತ್ರ’ ಷಟ್ಪದಿಯಲ್ಲಿದೆ. ಕಲ್ಯಾಣ ಚಾಲುಕ್ಯರ ಮುಮ್ಮಡಿ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಅರಸನ ಅನ್ನಭೋಗವನ್ನು ವರ್ಣಿಸುತ್ತದೆ. ನಮ್ಮ ಹಡಗಲಿ ಸೀಮೆಯ ಮಾಗಳದ ಸೂರ್ಯನಾರಾಯಣ ಗುಡಿಯೂ ಅದೇ ಚಾಲುಕ್ಯ ಶೈಲಿಯದು. ಕಲ್ಲಿನ ಕುಸುರಿಯನ್ನು ಮೆಚ್ಚುವ ನಾವು ತಟ್ಟೆಯ ಕುಸುರಿಯನ್ನು ಹಳಿಯಬೇಕಿಲ್ಲ.

ಅಂಥ ಒಂದು ಕಡೆ ನನಗೆ ಬಂದದ್ದು ಎರಡು ಬೆರಳಗಲದ ಜೋಳದ ರೊಟ್ಟಿ, ಮೇಲೆ ಚಿಟಿಕೆ ಗುರೆಳ್ಳು ಚಟ್ನಿ. ರುಚಿ ಚೆನ್ನಾಗಿತ್ತು. ದಿನಾ ಉಣ್ಣುವಾಗ ಗಮನಿಸದ ಜೋಳದ ಸಣ್ಣ ಸಿಹಿ ಅಲ್ಲಿ ನಾಲಿಗೆಗೆ ತಿಳಿಯಿತು. ಈ ರೂಪದ ಗೆಲುವು ಅದೇ: ತುತ್ತನ್ನು ಕಿರಿದಾಗಿಸಿ ಗಮನವನ್ನು ಹಿರಿದಾಗಿಸುತ್ತದೆ.

ಆದರೆ ನಮ್ಮ ಖಾನಾವಳಿಯಲ್ಲೂ ಆಯ್ಕೆ ಇಲ್ಲ. ಅಂದು ಮಾಡಿದ ಪಲ್ಯವೇ ಪಲ್ಯ. ವ್ಯತ್ಯಾಸ ಇರುವುದು ಬಡಿಸುವವರ ಮಾತಿನಲ್ಲಿ. ‘ಇನ್ನೊಂದು ರೊಟ್ಟಿ ಹಾಕ್ಲೇನ್ರೀ?’ ಎಂದು ಅಲ್ಲಿ ಕೇಳುತ್ತಾರೆ. ಟೇಸ್ಟಿಂಗ್ ಮೆನುವಿನಲ್ಲಿ ಎರಡನೆಯ ರೊಟ್ಟಿಗೆ ಜಾಗವಿಲ್ಲ. ಕೇಳಿದರೆ ಕೃತಿಯ ಲಯ ಕೆಡುತ್ತದೆ. ಉಣ್ಣುವವನು ಅಲ್ಲಿ ಓದುಗ, ಹಸಿದವನಲ್ಲ.

ಕನಕದಾಸರ ‘ರಾಮಧಾನ್ಯ ಚರಿತೆ’ ನೆನಪಾಗುವುದು ಇಲ್ಲಿ. ಅಕ್ಕಿ ಮತ್ತು ರಾಗಿಯ ವಾದ ತೀರಲು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಅದರ ಹಿರಿಮೆ ಇರುವುದು ಬಡವರನ್ನು ಸಲಹುವುದರಲ್ಲಿ. ಇಂದು ಸಾವಿರಾರು ರೂಪಾಯಿಯ ತಟ್ಟೆಯಲ್ಲಿ ರಾಗಿ, ಜೋಳ, ನವಣೆಗಳಿಗೆ ಮರ್ಯಾದೆ ಸಿಕ್ಕಿದೆ, ಆದರೆ ಅವು ಮಾಡಿದ್ದ ವಾದ ಹೊರಗೇ ಉಳಿದಿದೆ. ತಟ್ಟೆಯೊಂದಿಗೆ ಕಥೆ ಹೇಳುವವರು ಮುಂಗಾರು ಕೈಕೊಟ್ಟ ವರ್ಷದ ಕಥೆಯನ್ನೂ, ಒಲೆ ಮುಂದೆ ಕೂತು ರೊಟ್ಟಿ ಬಡಿದವಳ ಹೆಸರನ್ನೂ ಹೇಳಲಿ. ಆಗ ನಾನು ಅದನ್ನು ಒಳ್ಳೆಯ ಕೃತಿ ಎನ್ನುತ್ತೇನೆ.