ನರಕೋಶದ ಪಕ್ಕಕ್ಕೆ ಬಂದು ಕೂತ ಲಿಂಕ್

ನರಕೋಶದ ಒಂದು ವಿದ್ಯುತ್ ಮಿಡಿತ ಮುಗಿಯಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಸಾಕು. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಅಂಥವು ಎಷ್ಟೋ ಬಂದುಹೋಗಿರುತ್ತವೆ. ಅವುಗಳ ಬೆನ್ನುಹತ್ತಲು ಹುಟ್ಟಿದ ಯಂತ್ರಗಳಲ್ಲಿ ನನಗೆ ಅಚ್ಚುಮೆಚ್ಚಿನದು ಲಿಂಕ್. ಇದು ವೆಸ್ಲಿ ಕ್ಲಾರ್ಕ್ ಮತ್ತು ಚಾರ್ಲ್ಸ್ ಮೋಲ್ನಾರ್ 1962ರಲ್ಲಿ ಎಂಐಟಿಯ ಲಿಂಕನ್ ಲ್ಯಾಬೊರೇಟರಿಯಲ್ಲಿ ಕಟ್ಟಿದ ಪುಟ್ಟ ಕಂಪ್ಯೂಟರ್.

ಪುಟ್ಟದು ಎಂದರೂ ಬೀರುವಿನಷ್ಟು ಗಾತ್ರ. ನೆನಪಿನಲ್ಲಿ ಮೊದಲಿಗೆ 12 ಬಿಟ್‌ಗಳ 1024 ಪದಗಳಿಗಷ್ಟೇ ಜಾಗ. ಆದರೆ ಅದು ಪ್ರಯೋಗಶಾಲೆಯೊಳಗೇ ಬಂದು ಕೂತಿತು. ಅಲ್ಲಿಯವರೆಗೆ ಸಂಶೋಧಕರು ದಾಖಲೆಯನ್ನು ದೂರದ ಕಂಪ್ಯೂಟರ್ ಕೇಂದ್ರಕ್ಕೆ ಒಪ್ಪಿಸಿ ಉತ್ತರಕ್ಕಾಗಿ ಕಾಯಬೇಕಿತ್ತು. ಲಿಂಕ್ ಎಲೆಕ್ಟ್ರೋಡಿನಿಂದ ಬಂದ, ಆಂಪ್ಲಿಫೈಯರ್ ಹಿಗ್ಗಿಸಿದ ವೋಲ್ಟೇಜನ್ನು ಕ್ಷಣಕ್ಷಣವೂ ಅಳೆದು ಅಂಕಿಯಾಗಿಸಿ, ಪರದೆಯ ಮೇಲೆ ಚುಕ್ಕಿಚುಕ್ಕಿಯಾಗಿ ಗೆರೆ ಬಿಡಿಸುತ್ತಿತ್ತು. ಮುಂದೆ ಸಾಲಾಗಿ ತಿರುಗುಗುಂಡಿಗಳು. ಪ್ರಯೋಗ ನಡೆಯುತ್ತಿರುವಾಗಲೇ ಒಂದನ್ನು ತಿರುಗಿಸಿ ಪ್ರೋಗ್ರಾಮಿನ ಲೆಕ್ಕ ಬದಲಿಸಬಹುದಿತ್ತು. ಆ ಗುಂಡಿಗಳೇ ನನಗೆ ದೊಡ್ಡ ಸಂಗತಿ: ಜೀವವಿಜ್ಞಾನಿಯ ಕೈಗೆ ಯಂತ್ರವನ್ನು ನಿಜಕ್ಕೂ ಒಪ್ಪಿಸಿದವು ಅವು.

ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಲಿಂಕನ್ನು ಬೆಕ್ಕಿನ ಮಿದುಳಿನಲ್ಲಿದ್ದ ಎಲೆಕ್ಟ್ರೋಡುಗಳಿಗೆ ಜೋಡಿಸಿದರು. ಒಂದೊಂದೇ ಸಲ ನೋಡಿದರೆ ಗದ್ದಲದಲ್ಲಿ ಮುಳುಗಿಹೋಗುವ, ಪ್ರಚೋದನೆಗೆ ಮಿದುಳು ಕೊಡುವ ಪ್ರತಿಕ್ರಿಯೆ, ಹಲವು ಸಲದ್ದನ್ನು ಕೂಡಿಸಿ ಸರಾಸರಿ ತೆಗೆದಾಗ ಸ್ಪಷ್ಟವಾಗುತ್ತದೆ. ಗದ್ದಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಆ ಸರಾಸರಿಯ ಗೆರೆ ಅಲ್ಲೇ, ಆಗಲೇ ಪರದೆಯಲ್ಲಿ ಮೂಡಿದ್ದು ಕಂಡು ಕ್ಲಾರ್ಕ್ ತಂಡ ಯಂತ್ರದ ಸುತ್ತ ಕುಣಿಯಿತಂತೆ. ಕುಣಿಯದೇ ಇನ್ನೇನು!

1963ರ ಬೇಸಿಗೆಯಲ್ಲಿ ಸಂಶೋಧಕರೇ ಎಂಐಟಿ ಇರುವ ಕೇಂಬ್ರಿಜ್‌ಗೆ ಬಂದು, ಕಲಿತು, ತಮ್ಮ ತಮ್ಮ ಲಿಂಕ್‌ಗಳನ್ನು ಸ್ವತಃ ಜೋಡಿಸಿಕೊಂಡು ಊರಿಗೆ ಒಯ್ದರು.