ಬಿರುಕಿನಲ್ಲಿ ನುಸುಳುವ ಕ್ರೇಟೋಸ್

ಪ್ಲೇಸ್ಟೇಷನ್ 5 ಅಂಗಡಿಗೆ ಬರುವ ಎಂಟು ತಿಂಗಳು ಮೊದಲು, 2020ರ ಮಾರ್ಚ್‌ನಲ್ಲಿ, ಅದರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ ಒಂದು ಉಪನ್ಯಾಸ ಕೊಟ್ಟರು. ಜಾಹೀರಾತಿನ ಥಳುಕಿಲ್ಲದ, ಎಂಜಿನಿಯರಿಂಗ್ ಕಾಲೇಜಿನ ಪಾಠದಂಥ ಮಾತು. ಹಳೆಯ ಹಾರ್ಡ್ ಡಿಸ್ಕ್ ಬದಲು ಸೆಕೆಂಡಿಗೆ 5.5 ಗಿಗಾಬೈಟ್ ಓದಬಲ್ಲ ಎಸ್‌ಎಸ್‌ಡಿ ಬರುತ್ತದೆ, ‘ಲೋಡಿಂಗ್’ಗಾಗಿ ಕಾಯುವುದು ಬಹುಮಟ್ಟಿಗೆ ತಪ್ಪುತ್ತದೆ, ಆ ಕಾಯುವಿಕೆಯನ್ನು ಮರೆಮಾಚಲು ಹೆಣೆಯುತ್ತಿದ್ದ ಸುತ್ತುಬಳಸಿನ ದಾರಿಗಳೂ ಬೇಕಾಗುವುದಿಲ್ಲ ಎಂಬುದು ಅದರ ತಿರುಳು. ಆಮೇಲೆ ಎದ್ದ ಅಬ್ಬರಕ್ಕೆಲ್ಲ ಮೂಲ ಇದೇ. ಮೊದಲ ಎರಡು ಮಾತು ನಿಜವಾದವು. ನನ್ನ ತಕರಾರು ಮೂರನೆಯದರ ಬಗ್ಗೆ.

2018ರ ‘ಗಾಡ್ ಆಫ್ ವಾರ್’ ನೆನಪಿಸಿಕೊಳ್ಳಿ. ಇಡೀ ಆಟದಲ್ಲಿ ಕ್ಯಾಮೆರಾ ಎಲ್ಲೂ ತುಂಡಾಗುವುದಿಲ್ಲ. ಕ್ರೇಟೋಸ್ ಮತ್ತು ಮಗ ಅಟ್ರೇಯಸ್ ಆಗಾಗ ಬಂಡೆಯ ಬಿರುಕಿನಲ್ಲಿ ಮೈ ಕುಗ್ಗಿಸಿ ನುಸುಳುತ್ತಾರೆ. ಅಷ್ಟರಲ್ಲಿ ಯಂತ್ರ ಮುಂದಿನ ಜಾಗವನ್ನು ಓದಿಕೊಳ್ಳುತ್ತದೆ. ಕಂಪನಿ ನಾಟಕದಲ್ಲಿ ಹಿಂದೆ ಸೀನರಿ ಬದಲಿಸುವಾಗ ಮುಂಪರದೆಯ ಎದುರು ಹಾಸ್ಯದೃಶ್ಯ ನಡೆಯುತ್ತಿತ್ತಲ್ಲ, ಹಾಗೆ. ಇಕ್ಕಟ್ಟಿನಿಂದ ಹುಟ್ಟಿದ ತಂತ್ರ ನಿಜ, ಆದರೆ ಅಪ್ಪ-ಮಗನ ಮೌನಕ್ಕೂ ಚೂರುಪಾರು ಮಾತಿಗೂ ಅಲ್ಲಿ ಜಾಗ ಸಿಗುತ್ತಿತ್ತು.

ಅದರ ಮುಂದಿನ ಭಾಗ ‘ರಾಗ್ನರಾಕ್’ ಬಂದದ್ದು 2022ರ ನವೆಂಬರ್‌ನಲ್ಲಿ, ಹೊಸ ಯಂತ್ರಕ್ಕೆ ಎರಡು ವರ್ಷ ತುಂಬುವ ಹೊತ್ತಿಗೆ. ಅಲ್ಲೂ ಅದೇ ಬಿರುಕು, ಅದೇ ನುಸುಳುವಿಕೆ. ಕಾರಣ ಸರಳ: ಆ ಆಟ ಪ್ಲೇಸ್ಟೇಷನ್ 4ರಲ್ಲೂ ನಡೆಯಬೇಕಿತ್ತು. 11 ಕೋಟಿಗೂ ಹೆಚ್ಚು ಮಾರಾಟವಾದ ಆ ಯಂತ್ರದ ಗಿರಾಕಿಗಳನ್ನು ಸೋನಿ ಬಿಟ್ಟುಕೊಡಲು ಸಿದ್ಧವಿರಲಿಲ್ಲ. ‘ಹೊರೈಜನ್ ಫರ್ಬಿಡನ್ ವೆಸ್ಟ್’, ‘ಗ್ರ್ಯಾನ್ ಟುರಿಸ್ಮೋ 7’ ಕೂಡ ಎರಡಕ್ಕೂ ಬಂದವು. ಹಳೆಯ ಯಂತ್ರ ಇದ್ದವರಿಗೆ ಇದರಿಂದ ಒಳ್ಳೆಯದೇ ಆಯಿತು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಹೊಸ ಕಥನರೂಪದ ಭರವಸೆ ಕೊಟ್ಟು ಹಳೆಯ ಆಟವನ್ನೇ ಇನ್ನಷ್ಟು ನುಣುಪಾಗಿ ತೋರಿಸಿದ್ದನ್ನು ‘ಹೊಸ ತಲೆಮಾರು’ ಎಂದು ಕರೆಯಲು ನಾಲಿಗೆ ಏಳುವುದಿಲ್ಲ.

ಹೊಸ ಯಂತ್ರಕ್ಕೆಂದೇ ಬಂದ ‘ರ‍್ಯಾಚೆಟ್ ಅಂಡ್ ಕ್ಲಾಂಕ್: ರಿಫ್ಟ್ ಅಪಾರ್ಟ್’ ಕಣ್ಣು ಮಿಟುಕಿಸುವಷ್ಟರಲ್ಲಿ ಲೋಕದಿಂದ ಲೋಕಕ್ಕೆ ಎಸೆಯುತ್ತದೆ. ಬೆರಗೇನೋ ಆಗುತ್ತದೆ. ಬಾಣಬಿರುಸು ನೋಡಿದಾಗಲೂ ಆಗುತ್ತದೆ.

‘ರಿಟರ್ನಲ್’ ಮಾತ್ರ ಬೇರೆ. ಫಿನ್ಲೆಂಡಿನ ಹೌಸ್‌ಮಾರ್ಕ್ ಸಂಸ್ಥೆಯ ಈ ಆಟ 2021ರಲ್ಲಿ ಬಂತು. ಗಗನಯಾತ್ರಿ ಸೆಲೀನ್ ಒಂದು ಅನ್ಯಗ್ರಹದಲ್ಲಿ ಬೀಳುತ್ತಾಳೆ, ಸಾಯುತ್ತಾಳೆ, ಬಿದ್ದ ನೌಕೆಯ ಬಳಿ ಮತ್ತೆ ಎಚ್ಚರಗೊಳ್ಳುತ್ತಾಳೆ. ದಾರಿಗಳು ಅಷ್ಟರಲ್ಲಿ ಬದಲಾಗಿರುತ್ತವೆ. ಅಲ್ಲಲ್ಲಿ ಅವಳದೇ ಹೆಣಗಳು, ಅವಳದೇ ದನಿಯ ಮುದ್ರಿಕೆಗಳು. ಆದರೆ ಆ ಮಾತನ್ನು ಆಡಿದ್ದು ಅವಳಿಗೆ ನೆನಪಿಲ್ಲ. ಸಾವಿಗೂ ಎಚ್ಚರಕ್ಕೂ ನಡುವೆ ಒಂದು ನಿಮಿಷದ ಲೋಡಿಂಗ್ ಪರದೆ ಬಂದಿದ್ದರೆ ನಾವು ಫೋನ್ ನೋಡಿಕೊಂಡು ಹಗುರಾಗುತ್ತಿದ್ದೆವು. ಆ ಬಿಡುವು ಇಲ್ಲದಿರುವುದೇ ಇಲ್ಲಿ ಹಿಂಸೆ. ವೇಗ ಅರ್ಥವಾಗಿ ಮಾರ್ಪಟ್ಟದ್ದು ನನಗೆ ಕಂಡಂತೆ ಇಲ್ಲಿ.

ಇದೇ ಆಟದಲ್ಲಿ ಮಳೆ ಬಿದ್ದರೆ ಕಂಟ್ರೋಲರ್ ಅಂಗೈಯಲ್ಲಿ ಸಣ್ಣಗೆ ಹನಿಯುತ್ತದೆ. ಎಡ ಟ್ರಿಗರ್ ಅರ್ಧ ಒತ್ತಿದರೆ ಗುರಿ. ಅಲ್ಲಿ ಬೆರಳಿಗೆ ತಡೆ ಸಿಗುತ್ತದೆ, ಅದನ್ನೂ ಮೀರಿ ಒತ್ತಿದರೆ ಮತ್ತೊಂದು ಬಗೆಯ ಗುಂಡು. ಎಸ್‌ಎಸ್‌ಡಿಗೆ ಹೊಡೆದಷ್ಟು ಡಂಗುರವನ್ನು ಈ ಕಂಟ್ರೋಲರ್‌ಗೆ ಹೊಡೆಯಲಿಲ್ಲ. ನನ್ನ ಪ್ರಕಾರ ಯಂತ್ರದ ನಿಜವಾದ ಹೊಸತು ಇದು. ಬೇರೆ ಕಂಪನಿಗಳ ಆಟಗಳು ಇದನ್ನು ಬಹುಪಾಲು ಬರೀ ಗುಡುಗುಡು ಸದ್ದಿಗೆ ಇಳಿಸಿಬಿಟ್ಟಿವೆ ಎಂಬುದು ಬೇಸರದ ಮಾತು.

ಭಾರತಕ್ಕೆ ಇದು 2021ರ ಫೆಬ್ರವರಿಯಲ್ಲಿ ಬಂದಾಗ ಬೆಲೆ 49,990 ರೂಪಾಯಿ. ಸೋನಿಯ ದೊಡ್ಡ ಆಟಗಳಿಗೆ ತಲಾ 4,999. ಆಗ ಜೆಆರ್‌ಎಫ್ ಸಂಶೋಧಕರಿಗೆ ತಿಂಗಳಿಗೆ 31,000 ಸಿಗುತ್ತಿತ್ತು, ಅದೂ ಸಮಯಕ್ಕೆ ಸರಿಯಾಗಿ ಬಂದರೆ. ಈ ಲೆಕ್ಕ ಹಾಕಿಕೊಂಡೇ ಹೇಳುತ್ತೇನೆ: ಮನೆಯಲ್ಲಿ ಪ್ಲೇಸ್ಟೇಷನ್ 4 ಇದ್ದರೆ ‘ರಾಗ್ನರಾಕ್’ ಅದರಲ್ಲೇ ಆಡಿ, ಕಥೆಯಲ್ಲಿ ಒಂದೆಳೆಯೂ ತಪ್ಪುವುದಿಲ್ಲ. ‘ರಿಟರ್ನಲ್’ ಅನ್ನು ಮಾತ್ರ ಯಂತ್ರ ಇರುವ ಗೆಳೆಯರ ಮನೆಯಲ್ಲಿ, ಆ ಕಂಟ್ರೋಲರ್ ಹಿಡಿದೇ ಆಡಿ. ಕನಿಷ್ಠ ಮೂರು ಸಲ ಸಾಯುವವರೆಗಾದರೂ ಏಳಬೇಡಿ.