ಡಿ ಡ್ರೈವ್ ಎಲ್ಲಿಗೂ ಹೋಗಿಲ್ಲ

ಎಸ್‌ಎಸ್‌ಡಿ ಕೊಳ್ಳುವಾಗ ಏನೇನು ನೋಡಬೇಕು ಎಂದು ಈ ವಾರ ಬರೆಯುತ್ತೇನೆ ಎಂದಿದ್ದೆ. ಅದು ಬದಿಗಿರಲಿ. ಕೊಳ್ಳುವವರಿಗಿಂತ ಕೊಂಡವರ ಗೋಳೇ ಈಗ ಜಾಸ್ತಿ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿದ್ದೇ ಬಿಟ್ಟಿದ್ದು, ಕೊಳ್ಳೇಗಾಲದ ಡಿಟಿಪಿ ಅಂಗಡಿ, ಯಳಂದೂರಿನ ಸ್ಟುಡಿಯೊ, ತೆರಿಗೆ ಲೆಕ್ಕ ಬರೆಯುವವರ ಕೋಣೆ ಎಲ್ಲೆಲ್ಲೂ ಹೊಸ ಎಸ್‌ಎಸ್‌ಡಿ ಕೊಂಡು ಹೊಸ ವಿಂಡೋಸ್ ಹಾಕಿಸುವ ಸುಗ್ಗಿ. ಅದರ ಬೆನ್ನಿಗೇ ಫೋನು. ಹನೂರು ಕಡೆಯ ಒಬ್ಬ ಡಿಟಿಪಿ ಹುಡುಗನ ದನಿ ಇನ್ನೂ ಕಿವಿಯಲ್ಲಿದೆ: ‘ಡಿ ಡ್ರೈವಲ್ಲಿ ಇದ್ದುದ್ದೆಲ್ಲಾ ಒಂಟೋಯ್ತು ಕನ ಸಾ. ಜಾತ್ರೆ ಪೋಸ್ಟರೆಲ್ಲಾ ಅದ್ರಲ್ಲೇ ಇತ್ತು.’

ಏನೂ ಹೋಗಿರಲಿಲ್ಲ. ಹೊಸ ಎಸ್‌ಎಸ್‌ಡಿ ‘ಸಿ’ ಆಗಿತ್ತು. ಹಳೇ ಹಾರ್ಡ್ ಡಿಸ್ಕನ್ನೂ ಒಳಗೇ ಬಿಟ್ಟಿದ್ದರಲ್ಲ, ಅದರ ಹಳೇ ‘ಸಿ’ ಈಗ ‘ಡಿ’ ಆಗಿ, ನಿಜವಾದ ‘ಡಿ’ ಒಂದು ಮೆಟ್ಟಿಲು ಇಳಿದು ‘ಇ’ ಆಗಿತ್ತು. ಪೇಜ್‌ಮೇಕರ್ ಮಾತ್ರ ಚಿತ್ರಗಳನ್ನು ‘ಡಿ’ಯಲ್ಲೇ ಹುಡುಕುತ್ತಿತ್ತು. 2001ರಲ್ಲಿ ಏಳನೇ ಆವೃತ್ತಿ ಬಂದಲ್ಲಿಗೆ ನಿಂತುಹೋದ ಆ ತಂತ್ರಾಂಶ ನಮ್ಮ ಮುದ್ರಣದವರ ಕೈಯಲ್ಲಿ ಇನ್ನೂ ಉಸಿರಾಡುತ್ತಿದೆ. ಲಿಂಕ್ ಹಾಕಿದ ಚಿತ್ರದ ಪೂರ್ತಿ ವಿಳಾಸವನ್ನು, ಡ್ರೈವ್ ಅಕ್ಷರದ ಸಮೇತ, ಅದು ಕಡತದೊಳಗೇ ಬರೆದಿಟ್ಟುಕೊಳ್ಳುತ್ತದೆ.

ಇಷ್ಟು ವರ್ಷ ಕಂಪ್ಯೂಟರ್ ಬಳಸಿದವರಿಗೂ ತಲೆಗೆ ಹತ್ತದ ಸಂಗತಿ ಒಂದಿದೆ. ‘ಡಿ’ ಎಂಬ ಅಕ್ಷರ ಡಿಸ್ಕಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಅದು ವಿಂಡೋಸಿನ ಸ್ವಂತ ದಫ್ತರದಲ್ಲಿ, ಅಂದರೆ ರಿಜಿಸ್ಟ್ರಿಯ ‘ಮೌಂಟೆಡ್ ಡಿವೈಸಸ್’ ಎಂಬ ಪುಟದಲ್ಲಿ ಇರುತ್ತದೆ. ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕ್ ಆದರೆ ಆ ನಮೂದು ಬರೀ 12 ಬೈಟು: ಡಿಸ್ಕಿನ ಗುರುತಿಗೆ 4, ಪಾರ್ಟಿಷನ್ ಎಲ್ಲಿಂದ ಶುರು ಎನ್ನುವುದಕ್ಕೆ 8. ವಿಂಡೋಸನ್ನು ಹೊಸದಾಗಿ ಹಾಕಿದ ಕ್ಷಣ ಹಳೆಯ ದಫ್ತರ ಅತ್ತ, ಹೊಸ ದಫ್ತರ ಇತ್ತ. ಕಣ್ಣಿಗೆ ಬಿದ್ದ ಸಾಲಿನಲ್ಲಿ ಅದು ಮತ್ತೆ ಅಕ್ಷರ ಹಂಚುತ್ತದೆ.

ನಮ್ಮ ಕಡೆಯವರಿಗೆ ಇದು ಅರ್ಥವಾಗದೆ ಇರಬಾರದು. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಊರು, ಮೈಸೂರು ಸೀಮೆ. ಆಮೇಲೆ ಎರಡೂ ಮೈಸೂರು ಜಿಲ್ಲೆ. 1997ರಲ್ಲಿ ಚಾಮರಾಜನಗರ ಜಿಲ್ಲೆ. ಈಚೆಗೆ ಹನೂರೂ ಕೊಳ್ಳೇಗಾಲದಿಂದ ಬಿಡಿಸಿಕೊಂಡು ತಾನೇ ತಾಲ್ಲೂಕಾಯಿತು. ಇಷ್ಟೆಲ್ಲ ಆದರೂ ಮಹದೇಶ್ವರ ಬೆಟ್ಟ ಒಂದು ಗೇಣೂ ಕದಲಲಿಲ್ಲ, ಯಾರ ಹೊಲದ ಬದುವೂ ಸರಿಯಲಿಲ್ಲ. ಬದಲಾದದ್ದು ಯಾವ ಕಚೇರಿಯ ಯಾವ ಪುಸ್ತಕದಲ್ಲಿ ಹೆಸರಿದೆ ಎನ್ನುವುದಷ್ಟೇ. ಮದ್ರಾಸ್ ಕಾಲದ ಪಟ್ಟಾ ಹಿಡಿದುಕೊಂಡು ಕೊಯಮತ್ತೂರಿನ ಬಾಗಿಲು ತಟ್ಟುವವನ ಪಾಡೇ ‘ಡಿ’ಯಲ್ಲಿ ಚಿತ್ರ ಹುಡುಕುವ ಪೇಜ್‌ಮೇಕರಿನ ಪಾಡು.

ಸರಿಪಡಿಸುವುದು ಐದು ನಿಮಿಷದ ಕೆಲಸ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಮೊದಲು ‘ಡಿ’ಯಲ್ಲಿ ಕೂತಿರುವವರನ್ನು, ಅದು ಡಿವಿಡಿ ಡ್ರೈವ್ ಇರಲಿ, ಹಳೇ ‘ಸಿ’ ಇರಲಿ, ಎಬ್ಬಿಸಿ ‘ಝಡ್’ಗೆ ಕಳಿಸಿ. ಆಮೇಲೆ ‘ಇ’ಗೆ ‘ಡಿ’ ಎಂದು ಕೊಡಿ. ಅಕ್ಷರವನ್ನೇ ನಂಬಿದ ಕೆಲವು ತಂತ್ರಾಂಶ ನಡೆಯದೆ ಹೋಗಬಹುದು ಎಂದು ವಿಂಡೋಸ್ ಹೆದರಿಸುತ್ತದೆ. ಅವು ನಡೆಯಲಿ ಎಂದೇ ಈ ಕೆಲಸ, ಒಪ್ಪಿಗೆ ಒತ್ತಿ. ಬೇಕಾದ ಅಕ್ಷರ ಪಟ್ಟಿಯಲ್ಲಿ ಕಾಣದಿದ್ದರೆ ಯಾವುದೋ ಪೆನ್‌ಡ್ರೈವೋ ಕಾರ್ಡ್ ರೀಡರೋ ಹಿಡಿದುಕೊಂಡಿರುತ್ತದೆ. ವಿಂಡೋಸ್ ಕೂತಿರುವ ಡ್ರೈವಿನ ಅಕ್ಷರಕ್ಕೆ ಮಾತ್ರ ಕೈಹಾಕಬೇಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ಅದಕ್ಕೆ ಬಿಡುವುದೂ ಇಲ್ಲ. ಎಕ್ಸ್‌ಪಿ ಕಾಲದಲ್ಲಿ ನಾಲ್ಕು ಕಿಂಡಿಯ ಕಾರ್ಡ್ ರೀಡರ್ ಖಾಲಿ ಇದ್ದರೂ ನಾಲ್ಕು ಅಕ್ಷರ ನುಂಗಿ, ವಿಂಡೋಸನ್ನು ‘ಎಚ್’ಗೋ ‘ಐ’ಗೋ ತಳ್ಳಿಬಿಡುತ್ತಿತ್ತು. ಆ ರೀಡರನ್ನು ಕಿತ್ತಿಟ್ಟು ವಿಂಡೋಸನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವುದೊಂದೇ ನೆಟ್ಟಗಿನ ದಾರಿಯಾಗಿತ್ತು.

ಟ್ಯಾಲಿ ಇಟ್ಟುಕೊಂಡವರು ಇನ್ನಷ್ಟು ಹುಷಾರಾಗಿರಬೇಕು. ಡೇಟಾ ದಾರಿ ತಪ್ಪಿದರೆ ಟ್ಯಾಲಿಯಲ್ಲಿ ಕಂಪನಿಯ ಹೆಸರೇ ಕಾಣುವುದಿಲ್ಲ. ಗಾಬರಿಬಿದ್ದ ಹುಡುಗರು ಅದೇ ಹೆಸರಲ್ಲಿ ಹೊಸ ಕಂಪನಿ ತೆರೆದು ಅವತ್ತಿನ ಬಿಲ್ಲು ಹೊಡೆಯಲು ಶುರುಮಾಡುತ್ತಾರೆ. ಆಮೇಲೆ ಹಳೆಯದು ಸಿಕ್ಕಾಗ ಒಂದೇ ಅಂಗಡಿಗೆ ಎರಡು ಲೆಕ್ಕ. ಜಿಎಸ್‌ಟಿ ರಿಟರ್ನ್ ಹೊತ್ತಿಗೆ ಅದನ್ನು ಕೂಡಿಸುವ ಸುಖ ಕೂಡಿಸಿದವರಿಗೇ ಗೊತ್ತು. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಪತ್ರ ತೆರೆದರೆ ಇಂಗ್ಲಿಷಿನ ಗೀಚುಗೀಚು ಕಾಣುವುದೂ ಇದೇ ಜಾತಿಯ ಗಾಬರಿ. ಪತ್ರ ಕೆಟ್ಟಿಲ್ಲ, ಫಾಂಟ್ ಹಳೇ ವಿಂಡೋಸಿನ ಜೊತೆ ಹೋಗಿದೆ, ಮತ್ತೆ ಹಾಕಿಕೊಳ್ಳಿ.

ಇನ್ನು ಈ ಸಿ-ಡಿ-ಇ-ಎಫ್ ಮೋಹ ನಮಗೆ ಹೇಗೆ ಅಂಟಿತು? 1981ರ ಐಬಿಎಂ ಪಿಸಿಯಲ್ಲಿ ‘ಎ’, ‘ಬಿ’ ಎರಡೂ ಫ್ಲಾಪಿಯ ಪಾಲು. 1983ರ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಬಂದಾಗ ಉಳಿದಿದ್ದ ‘ಸಿ’ ಅದಕ್ಕೆ ಸಿಕ್ಕಿತು. ಫ್ಲಾಪಿ ಸತ್ತು ಎಷ್ಟೋ ಕಾಲವಾಯಿತು, ಅದರ ಜಾಗಕ್ಕೆ ಮಾತ್ರ ಯಾರೂ ಬರಲಿಲ್ಲ. ಡಾಸ್ ಕಾಲದ ಫ್ಯಾಟ್ 16 ಎಂಬ ಕಡತ ವ್ಯವಸ್ಥೆಯಲ್ಲಿ ಒಂದು ಪಾರ್ಟಿಷನ್ 2 ಜಿಬಿ ದಾಟುವಂತಿರಲಿಲ್ಲ, ಆದ್ದರಿಂದ 8 ಜಿಬಿ ಡಿಸ್ಕಿಗೆ ನಾಲ್ಕು ಅಕ್ಷರ ಅನಿವಾರ್ಯ. ಆ ಅನಿವಾರ್ಯವೇ ನಮ್ಮ ಅಂಗಡಿಗಳಲ್ಲಿ ಸಂಪ್ರದಾಯವಾಗಿ ಕೂತಿದೆ. ಡಾಸ್ ಇನ್ನೂ ತಮಾಷೆ: ಮೊದಲು ಎಲ್ಲ ಡಿಸ್ಕುಗಳ ಪ್ರೈಮರಿ ಪಾರ್ಟಿಷನ್ನಿಗೆ ಅಕ್ಷರ ಕೊಟ್ಟು, ಆಮೇಲೆ ಲಾಜಿಕಲ್ಲಿನ ಕಡೆ ತಿರುಗುತ್ತಿತ್ತು. ಎರಡನೇ ಡಿಸ್ಕ್ ಸಿಕ್ಕಿಸಿದರೆ ಸಾಕು, ಮೊದಲನೆಯದರ ‘ಡಿ’ ತಾನಾಗಿ ‘ಇ’ ಆಗುತ್ತಿತ್ತು. ಬಲ್ಲವರು ಎರಡನೇ ಡಿಸ್ಕಿನಲ್ಲಿ ಪ್ರೈಮರಿಯನ್ನೇ ಮಾಡದೆ, ಬರೀ ಎಕ್ಸ್‌ಟೆಂಡೆಡ್ ಮಾಡಿ ತಪ್ಪಿಸಿಕೊಳ್ಳುತ್ತಿದ್ದರು.

ಇದನ್ನು ಹೇಳಿದಾಗೆಲ್ಲ ಲಿನಕ್ಸ್ ಗೆಳೆಯರು ಮೀಸೆ ತಿರುವುತ್ತಾರೆ. ಅವರಲ್ಲಿ ಅಕ್ಷರವೇ ಇಲ್ಲವಂತೆ, ಹಾಗಾಗಿ ರಗಳೆಯೂ ಇಲ್ಲವಂತೆ. ಸ್ವಾಮಿ, ನಿಮ್ಮ ‘ಎಸ್‌ಡಿಎ’, ‘ಎಸ್‌ಡಿಬಿ’ ಏನು ದೇವರ ಹೆಸರೇ? ಅವೂ ಒಂದೊಂದು ಸಲ ಬೂಟ್ ಆಗುವಾಗ ಅದಲುಬದಲಾಗುತ್ತವೆ, ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಅದನ್ನೇ ಬರೆದು ಕೂತವರು ಪರದಾಡುತ್ತಾರೆ. ಯುಯುಐಡಿ ಎಂಬ ಉದ್ದದ ಸಂಖ್ಯೆಗೆ ನೀವು ಹೋದದ್ದೇ ಆ ಕಾರಣಕ್ಕೆ.

ಆದರೆ ನನ್ನ ನಿಜವಾದ ಹಳೆಯ ಜಗಳ ‘ಫಾರ್ಮ್ಯಾಟ್ ಹೊಡೆದುಬಿಡಿ’ ಪಂಥದವರ ಜೊತೆ. ಪ್ರಿಂಟರ್ ಓಡದಿದ್ದರೂ ಫಾರ್ಮ್ಯಾಟು, ಅಕ್ಷರ ತಪ್ಪಿದರೂ ಫಾರ್ಮ್ಯಾಟು. ಅವರಿಗೆ ಡಾಸ್ ಕಾಲದ ಫಾರ್ಮ್ಯಾಟ್ ಎಚ್ಚರಿಕೆಯನ್ನು ಬಾಯಿಪಾಠ ಮಾಡಿಸಬೇಕು. ನನ್ನ ಮಟ್ಟಿಗೆ ಅದು ಕಂಪ್ಯೂಟರ್ ಸಾಹಿತ್ಯದ ಮೇರುಕೃತಿ. ದೊಡ್ಡಕ್ಷರದಲ್ಲಿ, ಸುತ್ತಿ ಬಳಸದೆ, ಸಿ ಡ್ರೈವಿನಲ್ಲಿರುವ ಎಲ್ಲ ಮಾಹಿತಿಯೂ ಹೋಗುತ್ತದೆ ಎಂದು ಹೇಳಿ, ಮುಂದುವರಿಯಲೇ ಎಂದು ಕೇಳಿ, ವೈ ಅಥವಾ ಎನ್ ಒತ್ತುವವರೆಗೆ ಸುಮ್ಮನೆ ಕಾಯುತ್ತಿತ್ತು. ಈಗಿನ ವಿಂಡೋಸ್ ತನಗೆ ಓದಲು ಬಾರದ ಪಾರ್ಟಿಷನ್ ಕಂಡರೆ, ಅದು ಪಕ್ಕದಲ್ಲೇ ಇರುವ ಲಿನಕ್ಸಿನದ್ದಾದರೂ ಸರಿ, ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎನ್ನುತ್ತದೆ. ಹಳೆಯದು ಏನು ಹೋಗುತ್ತದೆ ಎಂದು ಹೇಳುತ್ತಿತ್ತು. ಹೊಸದು ಏನು ಮಾಡಬೇಕು ಎಂದು ಮೊದಲು ಹೇಳಿ ಆಸೆ ಹುಟ್ಟಿಸುತ್ತದೆ. ‘ಕ್ಯಾನ್ಸಲ್’ ಒತ್ತಿ, ಎದ್ದು ಹೋಗಿ ಟೀ ಕುಡಿದು ಬನ್ನಿ.

ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಯಾರೇ ಬೈದರೂ ಇನ್ನೊಮ್ಮೆ ಹೇಳುತ್ತೇನೆ, ಡ್ರೈವುಗಳಿಗೆ ಹೆಸರಿಡಿ. ಅಕ್ಷರದ ಹಾಗಲ್ಲ ಲೇಬಲ್. ಅದು ಪಾರ್ಟಿಷನ್ನಿನ ಮೇಲೇ ಬರೆದಿರುತ್ತದೆ, ವಿಂಡೋಸನ್ನು ಎಷ್ಟು ಸಲ ಹಾಕಿದರೂ ಅಳಿಯುವುದಿಲ್ಲ. ಎನ್‌ಟಿಎಫ್‌ಎಸ್‌ನಲ್ಲಿ 32 ಅಕ್ಷರದ ತನಕ ಅವಕಾಶ, ಕನ್ನಡದಲ್ಲೇ ಬರೆಯಬಹುದು. ‘ನ್ಯೂ ವಾಲ್ಯೂಮ್’ ಎಂಬ ಮೂರು ಡ್ರೈವ್ ಇಟ್ಟುಕೊಂಡವರ ಜೊತೆ ಫೋನಿನಲ್ಲಿ ಮಾತಾಡಿ ನೋಡಿ, ಯಾವುದು ಯಾವುದೆಂದು ತಿಳಿಯುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಜೊತೆಗೆ, ಹಳೇ ವಿಂಡೋಸ್ ತೆಗೆಸುವ ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟಿನ ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿಯೂ ಒಂದು ಕಡೆ ನನ್ನ ಧೈರ್ಯದ ಮಾತು ನಡೆಯುವುದಿಲ್ಲ. ಅಕ್ಷರ ಸರಿಯಾಗಿದೆ, ಡ್ರೈವ್ ಕಾಣುತ್ತಿದೆ, ಆದರೆ ಮೇಲೊಂದು ಬೀಗದ ಚಿತ್ರ. ಅದು ಬಿಟ್‌ಲಾಕರ್. ವಿಂಡೋಸ್ 11ರ ಈಚಿನ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಅನೇಕ ಯಂತ್ರಗಳಲ್ಲಿ ಈ ಬೀಗ ತಾನಾಗಿ ಬೀಳುತ್ತದೆ, ಒಳಗಿರುವ ಬೇರೆ ಡ್ರೈವುಗಳಿಗೂ ಬೀಳಬಹುದು. ಮುಂದಿನ ಸಲ ವಿಂಡೋಸ್ ಬದಲಿಸಿದಾಗ ಅದು 48 ಅಂಕಿಯ ಕೀಲಿ ಕೇಳುತ್ತದೆ. ಕೀಲಿ ಇರುವುದು ಆ ಖಾತೆಯಲ್ಲಿ. ಖಾತೆ ತೆರೆದುಕೊಟ್ಟವನು ಅಂಗಡಿಯ ಹುಡುಗ, ಪಾಸ್‌ವರ್ಡ್ ಗೊತ್ತಿರುವುದೂ ಅವನಿಗೇ, ಅವನೀಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅವನ ನಂಬರ್ ಹುಡುಕಿ.